ಕೇರಿಯನ್ನು ಬರೆಯಲು ಬಂದವರು

(ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಓದುವ ಹುಡುಗ ಹುಡುಗಿಯರ ಶಿಬಿರದಲ್ಲಿ ಆಡಿದ ಮಾತು. ಹೆಚ್ಚು ತಿದ್ದದೆ ಕೊಟ್ಟಿದ್ದೇವೆ.)



ಇವತ್ತಿನ ವಿಷಯದ ಹೆಸರು ಸ್ವಲ್ಪ ದೊಡ್ಡದೈತಿ. ಮಾನವಶಾಸ್ತ್ರದ ಕ್ಷೇತ್ರಕಾರ್ಯದಲ್ಲಿ ಒಳಗಿನವರ ನೋಟ ಮತ್ತು ಹೊರಗಿನವರ ನೋಟ. ಹೆಸರಿಗೆ ಹೆದರಬ್ಯಾಡ್ರಿ. ಯಾರೋ ಒಬ್ಬರು ಪೆನ್ನು ಹಿಡಕೊಂಡು ನಮ್ಮ ಕೇರಿಗೆ ಬರ್ತಾರ. ನಿಮ್ಮಲ್ಲಿ ಮದುವಿ ಹೆಂಗ ಮಾಡ್ತೀರಿ, ಸತ್ತವರನ್ನ ಎಲ್ಲಿ ಹುಗೀತೀರಿ, ದ್ಯಾಮವ್ವನ ಜಾತ್ರಿಯೊಳಗ ನಿಮ್ಮ ಕೆಲಸ ಏನು ಅಂತ ಕೇಳ್ತಾರ. ಬರಕೊಂಡು ಹೋಗ್ತಾರ. ಆಮೇಲೆ ಅದು ಪುಸ್ತಕ ಆಗತೈತಿ, ಒಬ್ಬರಿಗೆ ಪದವಿ ಆಗತೈತಿ, ಇಲ್ಲಾ ಸರ್ಕಾರದ ಕಡತ ಆಗತೈತಿ. ಆ ಬರಹದಲ್ಲಿ ನಾವು ಹೇಗಿದ್ದೇವೆ? ಬರೆದವರು ಎಲ್ಲಿ ಕೂತು ಬರೆದರು? ನಾಳೆ ನೀವೇ ಪೆನ್ನು ಹಿಡಿದು ನಿಮ್ಮ ಕೇರಿಗೆ ಹೋದರೆ ಹೇಗೆ ಬರೆಯಬೇಕು? ನಾನು ಮಾತಾಡುವುದು ಇಷ್ಟರ ಮೇಲೆ.

ಇದು ದೂರದ ವಿಷಯ ಅಲ್ಲ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಐತಿ. ಹಾಡು, ಕತೆ, ಆಚರಣೆ ಸಂಗ್ರಹಿಸುವುದೇ ಅಲ್ಲಿಯ ಓದು. ನಿಮ್ಮಲ್ಲಿ ಕೆಲವರು ಅಲ್ಲಿ ಓದಬಹುದು, ಕೆಲವರ ಮನೆ ಬಾಗಿಲಿಗೆ ಅಲ್ಲಿಯವರು ಬರಬಹುದು. 2025ರ ಬೇಸಿಗೆಯಲ್ಲಿ ಪರಿಶಿಷ್ಟ ಜಾತಿಗಳ ಸಮೀಕ್ಷೆ ಅಂತ ಗಣತಿಯವರು ಮನೆ ಮನೆಗೆ ಬಂದು ಉಪಜಾತಿ ಕೇಳಿದರು. ಕೇಳುವವರು ಬರುತ್ತಲೇ ಇರುತ್ತಾರೆ. ಹೇಳುವ ನಾವು ತಯಾರಾಗಿರಬೇಕೋ ಬೇಡವೋ?

ಈ ವಿಷಯಕ್ಕೆ ಎರಡು ಸಿದ್ಧ ಉತ್ತರ ಅದಾವ. ನಮ್ಮ ಸಭೆಗಳಲ್ಲಿ ಕೇಳುವ ಉತ್ತರ: ಹೊರಗಿನವನಿಗೆ ಏನೂ ತಿಳಿಯೋದಿಲ್ಲ, ಉಂಡವನಿಗೇ ನೋವು ಗೊತ್ತು. ವಿಶ್ವವಿದ್ಯಾಲಯಗಳಲ್ಲಿ ಬಹಳ ಕಾಲ ನಡೆದ ಉತ್ತರ: ಒಳಗಿದ್ದವನಿಗೆ ತನ್ನದು ತನಗೆ ಕಾಣೋದಿಲ್ಲ, ದೂರ ನಿಂತವನೇ ಸರಿಯಾಗಿ ನೋಡ್ತಾನ. ಎರಡನ್ನೂ ಹಾಗೇ ಒಪ್ಪಬ್ಯಾಡ್ರಿ. ಒಂದೊಂದು ನಿಜವಾದ ಉದಾಹರಣೆ ಮುಂದಿಟ್ಟುಕೊಂಡು ತೂಗಿ ನೋಡೋಣ.

ಮೊದಲು ನಮ್ಮ ಸೀಮೆಯಿಂದಲೇ ಶುರು ಮಾಡ್ತೀನಿ. 1884ರಲ್ಲಿ ಮುಂಬಯಿ ಪ್ರೆಸಿಡೆನ್ಸಿಯ ಗೆಜೆಟಿಯರ್ ಮಾಲೆಯಲ್ಲಿ ಧಾರವಾಡ ಜಿಲ್ಲೆಯ ಸಂಪುಟ ಬಂತು. ಆಗ ಹಾವೇರಿ ಜಿಲ್ಲೆ ಇರಲಿಲ್ಲ, ಅದು ಆದದ್ದು 1997ರಲ್ಲಿ. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಧಾರವಾಡ ಜಿಲ್ಲೆಗೆ ಸೇರಿದ್ದವು, ಸವಣೂರು ನವಾಬರ ಸಂಸ್ಥಾನವಾಗಿತ್ತು. ಆ ಸಂಪುಟದಲ್ಲಿ ಜಿಲ್ಲೆಯ ಜಾತಿಗಳನ್ನು ಒಂದೊಂದಾಗಿ ಹೆಸರಿಸಿ ಏನು ತಿನ್ನುತ್ತಾರೆ, ಏನು ಉಡುತ್ತಾರೆ, ಯಾವ ದೇವರು, ಮದುವೆ ಹೇಗೆ ಅಂತ ಬರೆದರು. ಅದರ ಜೊತೆಗೇ ಈ ಜಾತಿಯವರು ಚೊಕ್ಕಟ, ಆ ಜಾತಿಯವರು ಕೊಳಕು, ಇವರು ದುಡಿಯುವವರು, ಅವರು ಕುಡುಕರು ಅಂತ ಒಂದೊಂದು ಜಾತಿಗೆ ಒಂದೊಂದು ಗುಣವನ್ನೂ ಅಂಟಿಸಿದರು. ಆಮೇಲೆ 1920ರಿಂದ 1922ರೊಳಗೆ ಎಂಥೋವೆನ್ ಎಂಬ ಬ್ರಿಟಿಷ್ ಅಧಿಕಾರಿ ಮುಂಬಯಿ ಪ್ರಾಂತದ ಜಾತಿ ಬುಡಕಟ್ಟುಗಳ ಮೇಲೆ ಮೂರು ಸಂಪುಟ ತಂದ.

ಈ ಮಾಹಿತಿ ಬಂದ ದಾರಿ ನೋಡ್ರಿ. ಜಿಲ್ಲೆಯ ಅಧಿಕಾರಿಗಳು ಮತ್ತು ಅವರ ಕೈಕೆಳಗಿನ ನೌಕರರ ಮೂಲಕ ಬಂತು. ಆ ಕಾಲದಲ್ಲಿ ಕಚೇರಿಯೊಳಗೆ ಓದು ಬರಹ ಬಲ್ಲವರು ಯಾರು? ಊರೊಳಗೆ ಲೆಕ್ಕ ಬರೆಯುವವರು ಯಾರು? ಕುಲಕರ್ಣಿ. ಹಾಗಾದರೆ ಕೇರಿಯ ಬಗ್ಗೆ ಸಾಹೇಬ ಬರೆದ ಮಾತಿನೊಳಗೆ ಸಾಹೇಬನ ದನಿ ಎಷ್ಟು, ಕುಲಕರ್ಣಿಯ ದನಿ ಎಷ್ಟು? ಹೊರಗಿನವನ ನೋಟ ಅಂತ ನಾವು ತಿಳಿದದ್ದರ ಹೊಟ್ಟೆಯೊಳಗೆ ಊರಿನ ಮೇಲ್ಜಾತಿಯವನ ನೋಟ ಕೂತಿತ್ತು. ಅದಕ್ಕೇ ಇಂಥ ಪುಸ್ತಕ ಓದುವಾಗ ಬರೆದವನು ಬಿಳಿಯನೋ ಕರಿಯನೋ ಎಂದು ಕೇಳಿದರೆ ಸಾಲದು. ಅವನಿಗೆ ಹೇಳಿದವರು ಯಾರು ಅಂತಲೂ ಕೇಳ್ರಿ.

ಗೆಜೆಟಿಯರ್ ಬಂದು 32 ವರ್ಷಕ್ಕೆ ಬೇರೊಂದು ಘಟನೆ ನಡೀತು. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಗೋಲ್ಡನ್‌ವೈಸರ್ ಎಂಬ ವಿದ್ವಾಂಸರು ನಡೆಸುತ್ತಿದ್ದ ಮಾನವಶಾಸ್ತ್ರದ ಗೋಷ್ಠಿಯಲ್ಲಿ, 25 ವರ್ಷದ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಪ್ರಬಂಧ ಓದಿದ. ಭೀಮರಾವ್ ಅಂಬೇಡ್ಕರ್. ವಿಷಯ, ಭಾರತದಲ್ಲಿ ಜಾತಿಗಳು ಹುಟ್ಟಿ ನಡೆಯುವ ರೀತಿ. ಜಾತಿಯ ಮೇಲೆ ಆವರೆಗೆ ಬರೆದ ಸೆನಾರ್, ನೆಸ್‌ಫೀಲ್ಡ್, ರಿಸ್ಲಿ, ಕೇತ್ಕರ್ ಇವರ ವ್ಯಾಖ್ಯೆಗಳನ್ನು ಒಂದೊಂದಾಗಿ ಮುಂದಿಟ್ಟು ಪರೀಕ್ಷೆ ಮಾಡಿದರು. ಕೇತ್ಕರ್ ಭಾರತದವರೇ, ಮಹಾರಾಷ್ಟ್ರದ ಬ್ರಾಹ್ಮಣರು. ಅವರು ದೇಶೀಯರು, ತೆರೆದ ಮನಸ್ಸಿನಿಂದ ವಿಮರ್ಶೆ ಮಾಡಿದವರು ಅಂತ ಬಾಬಾಸಾಹೇಬರು ಗೌರವದಿಂದಲೇ ಹೇಳಿದರು. ಹೇಳಿ, ಅವರ ವ್ಯಾಖ್ಯೆಯೊಳಗಿನ ಗೊಂದಲವನ್ನೂ ತೋರಿಸಿದರು. ಬೇರೆ ಜಾತಿಯಲ್ಲಿ ಮದುವೆಗೆ ತಡೆ ಹಾಕಿ ತಮ್ಮೊಳಗೇ ಮದುವೆ ಮಾಡಿಕೊಳ್ಳುವುದು ಜಾತಿಯ ಬೇರು. ಸತಿ, ವಿಧವೆಗೆ ಬಲವಂತದ ಒಂಟಿ ಬಾಳು, ಬಾಲ್ಯವಿವಾಹ ಇವು ಆ ಬೇಲಿ ಮುರಿಯದ ಹಾಗೆ ಹೆಣ್ಣನ್ನು ಕಟ್ಟಿಹಾಕಿದ ಉಪಾಯಗಳು ಎಂದು ವಾದಿಸಿದರು.

ಇಲ್ಲಿ ಒಂದು ಮಾತು ಗಮನಿಸ್ರಿ. ಆ ಗೋಷ್ಠಿಯಲ್ಲಿ ಬಾಬಾಸಾಹೇಬರು 'ನಾನು ಅಸ್ಪೃಶ್ಯ, ನನಗೆ ಗೊತ್ತು, ಅದಕ್ಕೆ ನನ್ನ ಮಾತು ನಂಬಿ' ಎಂದು ವಾದ ಕಟ್ಟಲಿಲ್ಲ. ಹಾಗೆ ಹೇಳುವ ಹಕ್ಕು ಅಲ್ಲಿದ್ದ ಯಾರಿಗಿಂತಲೂ ಅವರಿಗೆ ಹೆಚ್ಚಿತ್ತು. ಆದರೂ ಪುರಾವೆ ಇಟ್ಟರು, ತರ್ಕ ಇಟ್ಟರು. ಮುಂದೆ 1948ರಲ್ಲಿ ಅಸ್ಪೃಶ್ಯರು ಯಾರು ಎಂಬುದರ ಮೇಲೆ ಪುಸ್ತಕ ಬರೆದಾಗಲೂ ಅದೇ ದಾರಿ. ಅಸ್ಪೃಶ್ಯರು ಬೇರೆ ಜನಾಂಗದವರು ಎಂಬ ವಾದ ಆಗ ಜೋರಾಗಿತ್ತು. ಮೂಗಿನ ಅಳತೆ ತೆಗೆದು ಜನಾಂಗ ಹೇಳುವ ಕಾಲ ಅದು. ಸಮಾಜಶಾಸ್ತ್ರಜ್ಞ ಘುರ್ಯೆಯವರು ಕೊಟ್ಟಿದ್ದ ಅದೇ ಅಳತೆಗಳನ್ನು ಎತ್ತಿಕೊಂಡು, ಬ್ರಾಹ್ಮಣನಿಗೂ ಅಸ್ಪೃಶ್ಯನಿಗೂ ಜನಾಂಗದ ಭೇದ ಇಲ್ಲ ಅಂತ ತೋರಿಸಿದರು. ಹೊರಗಿನವರ ಅಳತೆಗೋಲನ್ನೇ ಕೈಗೆ ತೆಗೆದುಕೊಂಡು ಅವರ ಮಾತನ್ನು ಅಳೆದರು. ಒಳಗಿನವನಾಗಿ ಹುಟ್ಟಿದ್ದು ಅವರಿಗೆ ಏನು ಕೊಟ್ಟಿತು? ಬೇರೆಯವರಿಗೆ ಹೊಳೆಯದ ಪ್ರಶ್ನೆ ಕೊಟ್ಟಿತು. ಉತ್ತರವನ್ನು ಅವರು ಓದಿ, ದುಡಿದು ಗಳಿಸಿದರು. ಓದುವ ತಮ್ಮಂದಿರು ತಂಗಿಯರು ಇದನ್ನು ಗಟ್ಟಿಯಾಗಿ ಹಿಡಕೊಳ್ಳಬೇಕು.

ಇನ್ನು ನಮ್ಮ ನಾಡಿನ ದೊಡ್ಡ ಉದಾಹರಣೆಗೆ ಬರ್ತೀನಿ. ಎಂ.ಎನ್. ಶ್ರೀನಿವಾಸ್. ಮೈಸೂರಿನವರು, ಬ್ರಾಹ್ಮಣರು, ಆಕ್ಸ್‌ಫರ್ಡಿನಲ್ಲಿ ಓದಿದವರು. ಕೆಳಜಾತಿಯವರು ಮೇಲ್ಜಾತಿಯ ಆಚಾರ ಅನುಸರಿಸಿ ಮೇಲೇರಲು ನೋಡುವುದಕ್ಕೆ ಸಂಸ್ಕೃತೀಕರಣ ಅಂತ ಹೆಸರಿಟ್ಟವರು. ಊರನ್ನು ಭೂಮಿ ಮತ್ತು ಜನಬಲದಿಂದ ಆಳುವ ಪ್ರಬಲ ಜಾತಿ ಎಂಬ ವಿಚಾರ ಕೊಟ್ಟವರು. 1948ರಲ್ಲಿ ಮೈಸೂರು ಜಿಲ್ಲೆಯ ಕೊಡಗಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಉಳಿದರು. ಪುಸ್ತಕದಲ್ಲಿ ಅದಕ್ಕೆ ರಾಂಪುರ ಅಂತ ಹೆಸರು ಕೊಟ್ಟರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೆಲಸದ ಕೋಣೆಗೆ ಕಿಡಿಗೇಡಿಗಳು ಹಚ್ಚಿದ ಬೆಂಕಿ ಬಿದ್ದು, ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟವು. ಆಮೇಲೆ ಹೆಚ್ಚಾಗಿ ನೆನಪಿನಿಂದಲೇ ಬರೆದು 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಎಂಬ ಪುಸ್ತಕ ತಂದರು. ಜಗತ್ತಿನಾದ್ಯಂತ ಓದಿದರು.

ಆಕ್ಸ್‌ಫರ್ಡಿನ ಕಣ್ಣಿಗೆ ಶ್ರೀನಿವಾಸರು ಒಳಗಿನವರು. ಕನ್ನಡದವರು, ಅದೇ ಸೀಮೆಯವರು. ಆದರೆ ಊರಲ್ಲಿ ಅವರು ಉಳಿದದ್ದು ಎಲ್ಲಿ? ಊರ ಗೌಡರಿಗೆ ಸೇರಿದ, ಎತ್ತು ಕಟ್ಟುವ ಮನೆಯಲ್ಲಿ. ಅವರನ್ನು ಊರು ಬ್ರಾಹ್ಮಣನಾಗಿಯೇ ಇರಿಸಿಕೊಂಡಿತು. ಬ್ರಾಹ್ಮಣನಾದವನು ಸ್ನಾನ ಆದಮೇಲೆ ಗಡ್ಡ ಬೋಳಿಸಿಕೊಳ್ಳಬಾರದು ಅಂತ ಗೌಡರು ಅವರಿಗೇ ತಿಳಿಹೇಳಿದ ಪ್ರಸಂಗವನ್ನು ಶ್ರೀನಿವಾಸರೇ ಬರೆದಿದ್ದಾರೆ. ಅಂಥ ಮನುಷ್ಯ ಕೇರಿಗೆ ದಿನಾ ಹೋಗಿ, ಜಗಲಿ ಮೇಲೆ ಕೂತು, ನೀರು ಕುಡಿದು ಮಾತಾಡಲು ಆಗ್ತಿತ್ತೇನ್ರಿ? ಹೋಗಿದ್ದರೆ ಗೌಡರ ಮನೆಯ ಬಾಗಿಲು ತೆರೆದಿರುತ್ತಿತ್ತೇ? ಪುಸ್ತಕದಲ್ಲಿ ಕೇರಿಯವರು ಇಲ್ಲವೇ ಇಲ್ಲ ಅಂತಲ್ಲ, ಇದ್ದಾರೆ. ಆದರೆ ಊರ ಕಡೆಯಿಂದ ಕಾಣುವಷ್ಟು ಇದ್ದಾರೆ. ತಮ್ಮದು ಮೇಲ್ಜಾತಿಯ ನೋಟವಾಯಿತು ಎಂದು ಶ್ರೀನಿವಾಸರೇ ಆಮೇಲೆ ಒಪ್ಪಿಕೊಂಡರು. ಆ ಪ್ರಾಮಾಣಿಕತೆಗೆ ನಾವು ಗೌರವ ಕೊಡಬೇಕು. ಅದಕ್ಕಿಂತ ಹೆಚ್ಚಾಗಿ ಅದರಿಂದ ಕಲೀಬೇಕು. ಒಂದೇ ಊರು ಅಂತೀವಿ, ಆದರೆ ಊರಿಗೆ ಒಳಗಿನವನಾದವನು ಕೇರಿಗೆ ಹೊರಗಿನವನೇ ಆಗಿ ಉಳೀಬಹುದು.

ಇನ್ನೊಂದು ಸಂಗತಿ. ರಾಂಪುರ ಅಂತ ಹೆಸರು ಮರೆಸಿದರು. ನಮ್ಮ ಧಾರವಾಡದ ಕಡೆ ಅಧ್ಯಯನ ಮಾಡಿದ ಕೆ. ಈಶ್ವರನ್ ಕೂಡ 1968ರ ತಮ್ಮ ಪುಸ್ತಕದಲ್ಲಿ ಊರಿಗೆ ಶಿವಾಪುರ ಅಂತ ಬೇರೆ ಹೆಸರು ಕೊಟ್ಟರು. ಹೆಸರು ಮರೆಸುವುದಕ್ಕೆ ಕಾರಣ ಐತಿ. ಯಾರಿಗೂ ತೊಂದರೆ ಆಗಬಾರದು ಅಂತ. ಒಳ್ಳೇದೇ. ಆದರೆ ಪುಸ್ತಕ ಇಂಗ್ಲಿಷಿನಲ್ಲಿ, ಊರ ಹೆಸರು ಬೇರೆ. ತಮ್ಮ ಬಗ್ಗೆ ಏನು ಬರೆದಾರ ಅಂತ ಆ ಊರಿನವರಿಗೆ ತಿಳಿಯೋದು ಹೆಂಗ? ಇದು ತಪ್ಪು ರೀ ಅಂತ ಅವರು ಹೇಳೋದು ಯಾವಾಗ?

ಹಾಗಾದರೆ ಪೂರ್ತಿ ಹೊರಗಿನವನು ಬಂದರೆ? ಬೆರ್ಮನ್ ಎಂಬ ಅಮೆರಿಕದವರು 1957–58ರಲ್ಲಿ ಡೆಹ್ರಾಡೂನ್ ಹತ್ತಿರದ ಒಂದು ಬೆಟ್ಟದ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದರು. ಅವರಿಗೆ ದುಭಾಷಿಯಾಗಿ ಮೊದಲು ಒಬ್ಬ ಬ್ರಾಹ್ಮಣ ಇದ್ದ. ಅವನ ಮುಂದೆ ಊರಿನ ಮೇಲ್ಜಾತಿಯವರು ತಾವು ಮಾಂಸ ತಿನ್ನುವುದು, ಹೆಂಡ ಕುಡಿಯುವುದನ್ನು ಮುಚ್ಚಿಟ್ಟರು. ಕೆಳಜಾತಿಯವರಂತೂ ಬಾಯೇ ಬಿಡಲಿಲ್ಲ. ಕೆಲವು ತಿಂಗಳ ಮೇಲೆ ಆ ದುಭಾಷಿಗೆ ಜಡ್ಡಾಗಿ ಬಿಟ್ಟು ಹೋದ. ಅವನ ಜಾಗಕ್ಕೆ ಒಬ್ಬ ಮುಸಲ್ಮಾನ ಬಂದ. ಅಲ್ಲಿಂದ ಕೆಳಜಾತಿಯವರು ಹತ್ತಿರ ಬಂದರು, ಮಾತಾಡಿದರು, ಮೇಲಿನವರ ದಬ್ಬಾಳಿಕೆಯನ್ನೂ ಹೇಳಿದರು. ಊರು ಬದಲಾಗಲಿಲ್ಲ, ಬರೆಯುವವನೂ ಬದಲಾಗಲಿಲ್ಲ. ಪಕ್ಕದಲ್ಲಿ ಕೂತವನು ಬದಲಾದ, ಅಷ್ಟಕ್ಕೇ ಹೇಳುವ ಮಾತು ಬೇರೆ ಆಯಿತು. 1962ರಲ್ಲಿ ಬೆರ್ಮನ್ ಇದನ್ನೆಲ್ಲ ಬರೆದು ಪ್ರಕಟಿಸಿದರು. ನಿಮ್ಮ ಕೇರಿಗೆ ಯಾರಾದರೂ ಬಂದರೆ ಅವರ ಹೆಸರು ಕೇಳಿದ ಹಾಗೇ, ಅವರನ್ನು ಕರಕೊಂಡು ಬಂದವರು ಯಾರು ಅಂತಲೂ ನೋಡ್ರಿ. ಗೌಡರ ಮಗ ಪಕ್ಕದಲ್ಲಿ ನಿಂತಿದ್ದರೆ ನಮ್ಮ ಅಜ್ಜ 'ಎಲ್ಲಾ ಚಲೋ ಐತ್ರಿ ಯಪ್ಪಾ' ಅಂತಾನ. ಅದೇ ಅಚ್ಚಾಗತೈತಿ. ನಮ್ಮ ಊರಲ್ಲಿ ಅಸ್ಪೃಶ್ಯತೆ ಇಲ್ಲ ಎಂಬ ವರದಿಗಳು ಹೆಂಗ ಹುಟ್ಟತಾವ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹೊರಗಿನವರೆಲ್ಲ ಒಂದೇ ರೀತಿ ನೋಡ್ತಾರ ಅನ್ನೋದೂ ಸುಳ್ಳು. ತಮಿಳುನಾಡಿನ ದಲಿತರ ಬಗ್ಗೆ ಇಬ್ಬರು ಅಮೆರಿಕನ್ನರು ಬರೆದರು. ಜೋನ್ ಮೆಂಚರ್ ಎಂಬ ಹೆಣ್ಣುಮಗಳು 1974ರಲ್ಲಿ, ಜಾತಿಯನ್ನು ತಲೆಕೆಳಗು ಮಾಡಿ ಕೆಳಗಿನಿಂದ ನೋಡ್ರಿ, ಅದು ದುಡಿಮೆಯ ಶೋಷಣೆ. ಕೆಳಗಿದ್ದವರು ಅದನ್ನು ಧರ್ಮ ಅಂತ ಒಪ್ಪಿಕೊಂಡಿಲ್ಲ ಎಂದರು. ಮೈಕೆಲ್ ಮೊಫಾಟ್ 1979ರಲ್ಲಿ, ದಲಿತರು ತಮ್ಮೊಳಗೂ ಮೇಲು ಕೀಳು ಕಟ್ಟಿಕೊಂಡಿದ್ದಾರೆ, ಆದ್ದರಿಂದ ಜಾತಿಯ ವಿಚಾರವನ್ನು ಅವರೂ ಒಪ್ಪಿದ್ದಾರೆ ಎಂದರು. ಎರಡನೆಯದನ್ನು ಕೇಳಿದರೆ ನಮಗೆ ಸಿಟ್ಟು ಬರತೈತಿ. ಸಿಟ್ಟು ಬರಲಿ, ಆದರೆ ಆ ಮಾತನ್ನು ಎರಡು ತುಂಡು ಮಾಡಿ ನೋಡ್ರಿ. ನಮ್ಮೊಳಗೆ ಮೇಲು ಕೀಳು ಇದೆಯೋ? ಇದೆ. ಹೊಲೆಯರ ಓಣಿ ಬೇರೆ, ಮಾದಿಗರ ಓಣಿ ಬೇರೆ, ಕೊಡು ಕೊಳ್ಳುವುದಿಲ್ಲ. ಅದನ್ನು ಮುಚ್ಚಿಟ್ಟರೆ ನಾವೂ ಸುಳ್ಳು ಬರೆದ ಹಾಗೆ. ಆದರೆ ಇದೆ ಅಂದ ಮಾತ್ರಕ್ಕೆ ನಾವು ನಮ್ಮ ಕೀಳುತನವನ್ನು ಒಪ್ಪಿದ್ದೇವೆ ಅಂತ ಆಗತೈತೇನು? ಮೇಲಿನವನು ತುಳಿದಾಗ ಕೆಳಗಿದ್ದವನನ್ನು ತುಳಿಯುವುದು ಬೇರೆ, ತುಳಿಸಿಕೊಳ್ಳುವುದು ನ್ಯಾಯ ಅನ್ನುವುದು ಬೇರೆ. ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಪುರಾವೆ ಸಮೇತ ಅಲ್ಲಗಳೆಯುವ ಕೆಲಸವನ್ನು ನಮ್ಮ ಹುಡುಗರು ಚೆನ್ನಾಗಿ ಮಾಡಬಲ್ಲರು.

ಇಲ್ಲಿಗೆ ಒಳಗಿನವರು ಎಂಬ ಮಾತೇ ಒಡೆಯಿತು ನೋಡ್ರಿ. ಯಾರಿಗೆ ಒಳಗಿನವರು? ಎಷ್ಟು ಒಳಗೆ?

ಹಾನಗಲ್ಲ, ಹಿರೇಕೆರೂರಿನ ಗಡಿ ದಾಟಿದರೆ ಸೊರಬ ತಾಲೂಕು. ಅಲ್ಲಿ ಚಂದ್ರಗುತ್ತಿ ರೇಣುಕಾಂಬೆಯ ಜಾತ್ರೆಯಲ್ಲಿ ವರದಾ ಹೊಳೆಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಗೆ ಹೋಗುವ ಹರಕೆ ಇತ್ತು. ಹರಕೆ ಹೊತ್ತವರಲ್ಲಿ ಬಹಳ ಮಂದಿ ದಲಿತರು, ಹಿಂದುಳಿದವರು, ಹೆಣ್ಣುಮಕ್ಕಳು. 1986ರ ಮಾರ್ಚ್‌ನಲ್ಲಿ ಅದನ್ನು ತಡೆಯಲು ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಹೋದರು. ಭಕ್ತರ ಗುಂಪು ತಿರುಗಿ ಬಿತ್ತು. ಕಾರ್ಯಕರ್ತರನ್ನೂ ಪೊಲೀಸರನ್ನೂ ಹೊಡೆದು ಬಟ್ಟೆ ಬಿಚ್ಚಿಸಿ ಮೆರವಣಿಗೆ ಮಾಡಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆ ನಿಷೇಧಿಸಿತು. ಅದು ನಿಲ್ಲಬೇಕಾದದ್ದೇ, ಆ ವಿಷಯದಲ್ಲಿ ಎರಡು ಮಾತಿಲ್ಲ. ಇವತ್ತಿನ ವಿಷಯಕ್ಕೆ ಬೇಕಾದದ್ದು ಇಷ್ಟು. ಕೇರಿಯಲ್ಲಿ ಹುಟ್ಟಿದ ಕಾರ್ಯಕರ್ತ, ಹರಕೆ ಹೊತ್ತ ಕೇರಿಯ ತಾಯಿಯ ಕಣ್ಣಿಗೆ ಆ ದಿನ ಹೊರಗಿನವನಾಗಿ ಕಂಡ. ಓದಿದ ಮೇಲೆ, ಪ್ಯಾಂಟು ಹಾಕಿದ ಮೇಲೆ, ಪೇಟೆ ಸೇರಿದ ಮೇಲೆ ಹುಟ್ಟಿನ ಗುರುತೊಂದೇ ಸಾಕಾಗೋದಿಲ್ಲ. ಅವಳ ಹರಕೆಗೆ ಕಾರಣ ಏನು, ಮಗು ಉಳಿಯಲೆಂದೋ, ರೋಗ ಹೋಗಲೆಂದೋ, ಮನೆಯಲ್ಲಿ ಒತ್ತಾಯ ಮಾಡಿದವರು ಯಾರು ಅಂತ ಅವಳ ಬಾಯಿಂದ ಕೇಳಿ ಬರೆಯುವುದೂ ಚಳವಳಿಯ ಕೆಲಸವೇ. ಆ ಜಾತ್ರೆಗೆ ಕ್ಯಾಮೆರಾ ಹಿಡಿದು ಬರುತ್ತಿದ್ದವರೂ ಇದ್ದರು. ಅವರಿಗೆ ಅವಳ ಮೈ ಸಿಕ್ಕಿತು, ಮಾತು ಬೇಕಿರಲಿಲ್ಲ.

ಸವಣೂರಿನದಂತೂ ನಿಮಗೆಲ್ಲ ಗೊತ್ತಿದ್ದದ್ದೇ. 2010ರ ಜುಲೈನಲ್ಲಿ ಅಲ್ಲಿಯ ಭಂಗಿ ಸಮುದಾಯದವರು, ದಶಕಗಳಿಂದ ವಾಸವಾಗಿದ್ದ ಜಾಗದಿಂದ ತಮ್ಮನ್ನು ಎಬ್ಬಿಸಬಾರದು ಎಂದು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ತಲೆಮೇಲೆ ಮಲ ಹೊರುವುದನ್ನು ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ 1970ರ ದಶಕದಲ್ಲೇ ನಿಲ್ಲಿಸಲು ಹೊರಟ ನಾಡು ಇದು. 1993ರಲ್ಲಿ ಕೇಂದ್ರದ ಕಾಯ್ದೆಯೂ ಬಂದಿತ್ತು. ಸವಣೂರಿನ ಆ ಚಿತ್ರ ದೇಶ ತುಂಬ ಹರಡಿತು. ಪತ್ರಕರ್ತರು ಬಂದರು, ಅಧಿಕಾರಿಗಳು ಬಂದರು, ಬರೆಯುವವರು ಬಂದರು. ಚಿತ್ರದಲ್ಲಿ ಮಲ ಕಂಡಿತು. ಅವರು ಕೇಳಿದ್ದು ಮನೆ, ಜಾಗ, ಮರ್ಯಾದೆಯ ಕೆಲಸ. ಅದು ಚಿತ್ರದಲ್ಲಿ ಕಾಣುವಂಥದ್ದಲ್ಲ, ಕೂತು ಕೇಳಿ ಬರೆಯುವಂಥದ್ದು. ಇನ್ನೊಂದು ಪ್ರಶ್ನೆಯನ್ನು ನಾವು ನಾವೇ ಕೇಳಿಕೊಳ್ಳಬೇಕು. ಹೊಲೆಯರ, ಮಾದಿಗರ ಓಣಿಯ ಹುಡುಗ ಭಂಗಿಗಳ ಮನೆಗೆ ಟಿಪ್ಪಣಿ ಪುಸ್ತಕ ಹಿಡಿದು ಹೋದರೆ ಅವನು ಒಳಗಿನವನೋ ಹೊರಗಿನವನೋ? ಅವನೂ ದಲಿತ, ಅವರೂ ದಲಿತರು. ಆದರೆ ಅವನು ಆ ಮನೆಯ ಚಹಾ ಕುಡಿಯದೆ ಎದ್ದು ಬಂದರೆ ಕೊಡಗಹಳ್ಳಿಯ ಎತ್ತಿನ ಮನೆಗೂ ಅವನಿಗೂ ಏನು ದೂರ?

2025ರ ಸಮೀಕ್ಷೆಗೆ ಬರೋಣ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು, ಪರಿಶಿಷ್ಟ ಜಾತಿಗಳೊಳಗೆ ರಾಜ್ಯಗಳು ಒಳಮೀಸಲಾತಿ ಮಾಡಬಹುದು ಎಂದಿತು. ಅದರ ಮೇಲೆ ನಮ್ಮ ರಾಜ್ಯದಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ ಸಮೀಕ್ಷೆ ನಡೆಸಿ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಅದೇ ತಿಂಗಳು ಸರ್ಕಾರ ಶೇಕಡಾ 17ರ ಮೀಸಲಾತಿಯನ್ನು 6, 6, 5 ಅಂತ ಮೂರು ಪಾಲು ಮಾಡುವ ತೀರ್ಮಾನ ತೆಗೆದುಕೊಂಡಿತು. ಪಾಲಿನ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಇವೆ, ಆ ಚರ್ಚೆ ಇನ್ನೊಂದು ದಿನಕ್ಕಿರಲಿ. ಇವತ್ತಿಗೆ ಬೇಕಾದದ್ದು ಕೇಳುವ ರೀತಿ. ಪೇಟೆಯಲ್ಲಿ ಬಾಡಿಗೆ ಮನೆ ಸಿಗಲೆಂದು ಜಾತಿ ಹೇಳದೆ ಇರುವ ಕುಟುಂಬ ಐತಿ ಅಂತ ಇಟ್ಟುಕೊಳ್ರಿ. ಬಾಗಿಲಲ್ಲಿ ನಿಂತು, ಮನೆ ಮಾಲಕರಿಗೆ ಕೇಳುವ ಹಾಗೆ 'ನಿಮ್ಮ ಉಪಜಾತಿ ಯಾವುದ್ರಿ' ಅಂದರೆ ಆ ತಾಯಿ ಏನು ಹೇಳಬೇಕು? ನಿಜ ಹೇಳಿದರೆ ಮನೆ ಹೋದೀತು, ಹೇಳದಿದ್ದರೆ ಮಕ್ಕಳ ಪಾಲು ಹೋದೀತು. ಕೇಳುವ ಪ್ರಶ್ನೆ ಎಷ್ಟೇ ಸರಿಯಿದ್ದರೂ ನಿಂತು ಕೇಳಿದ ಜಾಗ ತಪ್ಪಿದರೆ ಉತ್ತರವೂ ತಪ್ಪತೈತಿ. ಆ ತಪ್ಪು ಉತ್ತರವೇ ಅಂಕಿಯಾಗಿ ಮುಂದೆ ಕಾನೂನಾಗತೈತಿ. ಕ್ಷೇತ್ರಕಾರ್ಯ ಅನ್ನೋದು ಬರೀ ಪ್ರೊಫೆಸರುಗಳ ಮಾತಲ್ಲ ಅಂದದ್ದು ಇದಕ್ಕೇ.

ಹಾಗಂತ ಒಳಗಿನವರಿಗೆ ಎಲ್ಲ ಸುಲಭ ಅಂತ ತಿಳೀಬ್ಯಾಡ್ರಿ. ನಿಮ್ಮ ಸ್ವಂತ ಅತ್ತಿಗೆ 'ನಿನ್ನ ಉಡಿಕಿ ಯಾವಾಗ ಆತು, ಯಾಕ ಆತು' ಅಂತ ಕೇಳಿ ನೋಡ್ರಿ, ಕಸಬರಿಗಿ ತಗೋತಾಳ. ಅದೇ ಪ್ರಶ್ನೆಯನ್ನು ಬೇರೆ ಜಿಲ್ಲೆಯ ಹುಡುಗಿ ಮೆಲ್ಲಗೆ ಕೇಳಿದರೆ ಒಂದು ತಾಸು ಹೇಳ್ಯಾಳು. ನಮಗೆ ರೂಢಿಯಾದದ್ದು ನಮ್ಮ ಕಣ್ಣಿಗೆ ಬೀಳೋದೂ ಇಲ್ಲ. ಹೋಟೆಲಿನ ಹೊರಗೆ ಬೇರೆ ಇಟ್ಟ ಕಪ್ಪನ್ನು ಹುಟ್ಟಿದಾಗಿಂದ ನೋಡಿದವನು ಟಿಪ್ಪಣಿ ಬರೆಯುವಾಗ ಅದನ್ನು ಬಿಟ್ಟುಬಿಡ್ತಾನ. ಹೊರಗಿನವನು 'ಅದ್ಯಾಕ ಅಲ್ಲಿ ಬೇರೆ ಐತಿ' ಅಂತ ಕೇಳಿದಾಗ ನಮಗೂ ಅದು ಕಾಣತೈತಿ. ಇಂಥ ಪ್ರಶ್ನೆ ಕೇಳುವ ಹೊರಗಿನವರು ಬೇಕು. ಬರಲಿ. ಬಾಗಿಲು ಹಾಕಬ್ಯಾಡ್ರಿ.

ಹಲಗಿಯ ಮಾತು ತಗೊಳ್ರಿ. ಜಾನಪದ ಸಂಗ್ರಹಿಸುವವರು ಬಂದು, ಹಲಗಿ ಎಂಥ ದೊಡ್ಡ ಕಲೆ, ಉಳಿಸಿಕೊಳ್ಳಿ ಅಂತಾರ. ನಮ್ಮ ಎಷ್ಟೋ ಊರಲ್ಲಿ ಹಿರಿಯರು ಹಲಗಿ ಕೆಳಗಿಟ್ಟರು. ಹೆಣದ ಮುಂದೆ, ದೇವರ ಮುಂದೆ ಬಿಟ್ಟಿ ಬಾರಿಸಲು ನಮ್ಮ ಮೇಲೆ ಹೇರಿದ ಚಾಕರಿ ಇದು, ಸಾಕು ಅಂದರು. ಹೊರಗಿನವನಿಗೆ ನಾದ ಕೇಳಿಸಿತು, ಒಳಗಿನವನಿಗೆ ಚಾಕರಿ ನೆನಪಾಯಿತು. ಎರಡೂ ಸುಳ್ಳಲ್ಲ. ಬರೆಯುವವನು ಎರಡನ್ನೂ ಬರೆಯಬೇಕು. ಹಲಗಿಯ ಪೆಟ್ಟು ಎಷ್ಟು ಬಗೆ ಅಂತ ಬರೆದಮೇಲೆ, ಬಾರಿಸಿದವನಿಗೆ ಏನು ಕೊಟ್ಟರು, ಅವನು ಎಲ್ಲಿ ನಿಂತ, ಎಲ್ಲಿ ಉಂಡ ಅಂತಲೂ ಬರೀಬೇಕು. ದ್ಯಾಮವ್ವನ ಕತೆಯೂ ಹಂಗೇ. ಕುಲ ಮರೆಸಿದ ಹೊಲೆಯನೊಬ್ಬ ಬ್ರಾಹ್ಮಣ ಹುಡುಗಿಯನ್ನು ಮದುವೆಯಾಗಿ ಮೋಸ ಮಾಡಿದ, ಅದಕ್ಕೆ ಜಾತ್ರೆಯಲ್ಲಿ ಕೋಣ ಬಲಿ ಅಂತ ಹೇಳುವ ಕತೆಯನ್ನು ನೀವೆಲ್ಲ ಕೇಳೀರಿ. 1916ರಲ್ಲಿ ಮದರಾಸಿನ ಬಿಷಪ್ ವೈಟ್‌ಹೆಡ್ ದಕ್ಷಿಣದ ಗ್ರಾಮದೇವತೆಗಳ ಮೇಲೆ ಬರೆದ ಪುಸ್ತಕದಲ್ಲೂ ಈ ಜಾತಿಯ ಕತೆ ಐತಿ. ಅದನ್ನು ಗುಡಿ ಕಟ್ಟೆಯ ಮೇಲೆ ಕೇಳ್ರಿ, ಕೇರಿಯ ಮುದುಕಿಯ ಹತ್ತಿರ ಕೇಳ್ರಿ, ಕೋಣ ಹಿಡಿಯುವ ಮನೆತನದವರ ಹತ್ತಿರ ಕೇಳ್ರಿ. ಮೂರನ್ನೂ ಬರೆದು ಪಕ್ಕ ಪಕ್ಕ ಇಡ್ರಿ. ಎಲ್ಲಿ ಬೇರೆಯಾಗತಾವ ನೋಡ್ರಿ. ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳ ಮೇಲೆಯೇ ಸಂಶೋಧನೆ ಮಾಡಿ ಪಿಎಚ್.ಡಿ. ಪಡೆದರು. ಕೇರಿಯಲ್ಲಿ ಹುಟ್ಟಿದವರು ಈ ಕೆಲಸ ಮಾಡಬಲ್ಲರು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಕೆಲಸದ ಮಾತು. ಪೆನ್ನು ಹಿಡಿಯುವವರು ಇವನ್ನು ನೆನಪಿಡ್ರಿ.

ಒಂದು. ಎಲ್ಲಿ ಇಳಿದುಕೊಂಡಿರಿ, ಯಾರ ಜೊತೆ ಹೋದಿರಿ, ಮಾತಾಡುವಾಗ ಯಾರು ಯಾರು ಇದ್ದರು, ಇದನ್ನು ಮೊದಲ ಸಾಲಿನಲ್ಲೇ ಬರೀರಿ. ಓದುವವನು ನಿಮ್ಮ ಮಾತನ್ನು ತೂಗಲು ಅದು ಬೇಕು.

ಎರಡು. ನಿಮ್ಮ ಜಾತಿ, ಗಂಡೋ ಹೆಣ್ಣೋ, ಓದು, ನೌಕರಿ ಇವುಗಳಿಂದ ನಿಮಗೆ ಯಾವ ಬಾಗಿಲು ತೆರೆಯಿತು, ಯಾವುದು ಮುಚ್ಚಿತು ಅಂತ ಬರೀರಿ. ಹೆಣ್ಣುಮಕ್ಕಳ ಮಾತನ್ನು ಹೆಣ್ಣುಮಕ್ಕಳೇ ಹೋಗಿ ಕೇಳಲಿ.

ಮೂರು. ಭೂಮಿಯ ತಕರಾರು, ಅಸ್ಪೃಶ್ಯತೆಯ ಪ್ರಕರಣ, ಮರ್ಯಾದೆಯ ವಿಷಯ ಇದ್ದಲ್ಲಿ ಹೇಳಿದವರ ಹೆಸರು ಅಚ್ಚು ಹಾಕಬ್ಯಾಡ್ರಿ. ಪುಸ್ತಕ ಬಂದಮೇಲೆ ನೀವು ಪೇಟೆಯಲ್ಲಿರ್ತೀರಿ, ಅವರು ಅದೇ ಊರಲ್ಲಿ ಕೂಲಿಗೆ ಹೋಗಬೇಕು. ಹಾಡಿದವರ, ಬಾರಿಸಿದವರ, ಕತೆ ಹೇಳಿದವರ ಹೆಸರನ್ನು ಮಾತ್ರ ಅವರು ಒಪ್ಪಿದರೆ ದೊಡ್ಡದಾಗಿ ಹಾಕ್ರಿ, ಅದು ಅವರ ಸೊತ್ತು.

ನಾಲ್ಕು. ಬರೆದದ್ದನ್ನು ಕೇರಿಯಲ್ಲಿ ಕೂತು ಓದಿ ಹೇಳ್ರಿ. ಕನ್ನಡದಲ್ಲಿ, ನಮ್ಮ ಮಾತಿನಲ್ಲಿ. ತಪ್ಪು ಅಂದರೆ ತಿದ್ರಿ. ಒಪ್ಪದಿದ್ದರೆ ಅವರು ಹೀಗಂದರು ಅಂತ ಅದನ್ನೂ ಸೇರಿಸ್ರಿ. ಒಂದು ಪ್ರತಿ ಕೇರಿಯ ಅಂಬೇಡ್ಕರ್ ಭವನದಲ್ಲೋ ಶಾಲೆಯಲ್ಲೋ ಇಡ್ರಿ.

ಐದು. ಹೇಳುವುದಿಲ್ಲ ಅನ್ನುವ ಹಕ್ಕು ಕೇರಿಗೆ ಐತಿ. ಯಾರಾದರೂ ಬಂದರೆ ನಾವು ಕೇಳಬೇಕಾದ ಪ್ರಶ್ನೆಗಳೂ ಅದಾವ. ಯಾರು ಕಳಿಸಿದರು? ಬರೆದದ್ದು ಎಲ್ಲಿಗೆ ಹೋಗತೈತಿ? ನಮಗೆ ಯಾವಾಗ ತೋರಿಸ್ತೀರಿ? ಉತ್ತರ ಸರಿಯಿದ್ದರೆ ಚಾಪೆ ಹಾಸಿ ಕೂಡಿಸ್ರಿ, ಚಹಾ ಕೊಡ್ರಿ, ಕುಡಿದರೋ ಇಲ್ಲವೋ ನೋಡ್ರಿ.

ಕೊನೆಯದಾಗಿ, ಈ ಶಿಬಿರದಿಂದ ಹೋದವರು ನಾಲ್ಕೂ ತಾಲೂಕಿನಲ್ಲಿ ಒಬ್ಬೊಬ್ಬರು ಒಂದೊಂದು ಕೇರಿ ಹಿಡೀರಿ, ಒಂದು ನೋಟುಬುಕ್ಕು ಶುರು ಮಾಡ್ರಿ. ನೀರು ಎಲ್ಲಿಂದ ಬರತೈತಿ, ಸುಡುಗಾಡಿಗೆ ಜಾಗ ಐತೋ ಇಲ್ಲೋ, ಇದ್ದರೆ ಸರ್ವೆ ನಂಬರ್ ಎಷ್ಟು, ಯಾವ ಗುಡಿಗೆ ಬಿಡ್ತಾರ, ಯಾವುದಕ್ಕೆ ಬಿಡೋದಿಲ್ಲ, ಹೊಲ ಇದ್ದವರು ಎಷ್ಟು ಮನೆ, ಕಳಕೊಂಡವರು ಎಷ್ಟು ಮನೆ, ಹೆಂಗ ಕಳಕೊಂಡರು. ತಾರೀಕು ಹಾಕಿ ಬರೀರಿ. ಕಂಡದ್ದು ಬೇರೆ, ಕೇಳಿದ್ದು ಬೇರೆ ಅಂತ ಎರಡು ಕಡೆ ಬರೀರಿ. ಮುಂದಿನ ಸಲ ಆಯೋಗ ಬಂದಾಗ, ವಿಶ್ವವಿದ್ಯಾಲಯದವರು ಬಂದಾಗ, ನಿಮ್ಮ ಊರಲ್ಲಿ ಎಲ್ಲಾ ಚಲೋ ಐತಿ ಅಂತ ಯಾರೋ ಹೇಳಿ ಬರೆಸುವಾಗ, ಆ ನೋಟುಬುಕ್ಕನ್ನು ಅವರ ಮುಂದೆ ಇಡ್ರಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳ್ರಿ. ಜೈ ಭೀಮ್.